ಕೊರಿಯಾದ ಅಜ್ಜಿ ಮತ್ತು ಸುಖದ ಲೆಕ್ಕ

ಸುಖ ಯಾರಿಗೆ ಬೇಡ? ಆದರೆ ಸುಖವೆಂದರೇನು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಹಸಿದವನಿಗೆ ಅನ್ನ, ರೋಗಿಗೆ ಆರೋಗ್ಯ, ಬಾಡಿಗೆ ಮನೆಯಲ್ಲಿರುವವರಿಗೆ ಸ್ವಂತ ಮನೆ, ಸ್ವಂತ ಮನೆ ಇರುವವರಿಗೆ ಅದರ ಮೇಲೊಂದು ಮಾಳಿಗೆ. ಒಬ್ಬನೇ ಮನುಷ್ಯನ ಬದುಕಿನಲ್ಲೂ ಈ ಉತ್ತರ ಕೊನೆಯವರೆಗೆ ಒಂದೇ ಆಗಿರುವುದಿಲ್ಲ. ಹತ್ತರ ಪ್ರಾಯದಲ್ಲಿ ಯಾವುದಕ್ಕಾಗಿ ಅತ್ತು ರಂಪ ಮಾಡಿದ್ದೆವೋ ಅದು ನಲ್ವತ್ತರಲ್ಲಿ ನೆನಪಿಗೂ ಬರುವುದಿಲ್ಲ. ಸುಖದ ಕಲ್ಪನೆ ನಮಗೆ ತಿಳಿಯದಂತೆಯೇ ಬದಲಾಗುತ್ತದೆ.

ಈ ಬದಲಾವಣೆಯ ಬಗ್ಗೆ ನಾನು ನಿಂತು ಯೋಚಿಸುವಂತೆ ಮಾಡಿದ್ದು ಅಮೆರಿಕಕ್ಕೆ ವಲಸೆ ಹೋದ ಒಬ್ಬ ಕೊರಿಯನ್ ಅಜ್ಜಿಯ ನೆನಪುಗಳು. ಪುಸ್ತಕದ ಹೆಸರು ‘ಕ್ವಾಯಟ್ ಒಡಿಸ್ಸಿ’. ಸದ್ದುಗದ್ದಲವಿಲ್ಲದ ಒಂದು ದೀರ್ಘ ಪಯಣ ಎಂದು ಅದರ ಅರ್ಥ. ಬರೆದವರು ಮೇರಿ ಪೈಕ್ ಲೀ. ಇತಿಹಾಸದ ವಿದ್ವಾಂಸೆ ಸುಚೆಂಗ್ ಚಾನ್ ಸಂಪಾದಿಸಿದ ಈ ಕೃತಿ 1990ರಲ್ಲಿ ಪ್ರಕಟವಾದಾಗ ಮೇರಿಗೆ ತೊಂಬತ್ತು ವರ್ಷ. 1995ರಲ್ಲಿ ಅವರು ತೀರಿಕೊಂಡರು. ಅವರು ಹೆಸರಾಂತ ಸಾಹಿತಿಯಲ್ಲ, ಯಾವ ಪಕ್ಷದ ನಾಯಕಿಯೂ ಅಲ್ಲ. ಹೊಲದಲ್ಲಿ ದುಡಿದು, ತರಕಾರಿ ಮಾರಿ, ಮಕ್ಕಳನ್ನು ಸಾಕಿದ ಓರ್ವ ಗೃಹಿಣಿ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಓದಿದ ಈ ಪುಸ್ತಕ, ಮದ್ರಸದಲ್ಲಿ ನಾನು ಕಲಿತ ಎರಡು ಪದಗಳನ್ನು ಮತ್ತೊಮ್ಮೆ ನನ್ನ ಮುಂದೆ ತಂದು ನಿಲ್ಲಿಸಿತು. ಆ ಪದಗಳ ಬಗ್ಗೆ ಮುಂದೆ ಹೇಳುತ್ತೇನೆ.

ಮೇರಿಯ ಹುಟ್ಟುಹೆಸರು ಪೈಕ್ ಕ್ವಾಂಗ್ ಸುನ್. 1900ರಲ್ಲಿ ಪ್ಯೋಂಗ್‌ಯಾಂಗ್‌ನಲ್ಲಿ ಒಂದು ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದರು. ಉಣ್ಣಲು ಉಡಲು ಕೊರತೆಯಿಲ್ಲದ, ಓದುಬರಹ ಬಲ್ಲ ಮನೆತನ. ಆದರೆ ಕಾಲ ಕೆಟ್ಟದಾಗಿತ್ತು. ರಷ್ಯಾ ಮತ್ತು ಜಪಾನ್‌ಗಳ ನಡುವೆ 1904ರಲ್ಲಿ ಯುದ್ಧ ಆರಂಭವಾಯಿತು. ಜಪಾನಿನ ಸೈನ್ಯ ಕೊರಿಯಾದೊಳಗೆ ಬಂದು ಕುಳಿತಿತು. ಒಂದು ದಿನ ಜಪಾನಿ ಅಧಿಕಾರಿಗಳು ಪೈಕ್ ಕುಟುಂಬದ ಮನೆಗೆ ಬಂದು, ತಮ್ಮ ಸೈನಿಕರಿಗೆ ಈ ಮನೆ ಬೇಕು, ಖಾಲಿ ಮಾಡಿ ಎಂದರು. ಕೈಯಲ್ಲಿ ಹೊರಬಹುದಾದಷ್ಟನ್ನು ಹೊತ್ತುಕೊಂಡು ಕುಟುಂಬ ಇಂಚಾನ್ ಬಂದರಿಗೆ ಹೊರಟಿತು. ಹವಾಯಿ ದ್ವೀಪದ ಕಬ್ಬಿನ ತೋಟಗಳಿಗೆ ಅಲ್ಲಿಂದ ಕೂಲಿಯಾಳುಗಳನ್ನು ಹಡಗಿನಲ್ಲಿ ಕಳುಹಿಸುತ್ತಿದ್ದರು. ತಂದೆ ಕೂಲಿಯಾಗಿ ಹೆಸರು ಬರೆಸಿದರು. 1905ರ ಮೇ ತಿಂಗಳಲ್ಲಿ ಅವರ ಹಡಗು ಹವಾಯಿ ತಲುಪಿತು. ಮಗಳಿಗೆ ಆಗಿನ್ನೂ ಐದು ವರ್ಷ ತುಂಬಿರಲಿಲ್ಲ.

1903ರಿಂದ 1905ರವರೆಗೆ ಹೀಗೆ ಸುಮಾರು ಏಳು ಸಾವಿರ ಕೊರಿಯನ್ನರು ಹವಾಯಿಗೆ ಹೋದರು. ಅವರಲ್ಲಿ ಹೆಂಗಸರು ಹತ್ತರಲ್ಲಿ ಒಬ್ಬರಷ್ಟೂ ಇರಲಿಲ್ಲ. 1905ರಲ್ಲಿ ಈ ವಲಸೆ ನಿಂತುಹೋಯಿತು. 1910ರಲ್ಲಿ ಜಪಾನ್ ಇಡೀ ಕೊರಿಯಾವನ್ನು ನುಂಗಿಕೊಂಡಿತು. ಹೋದವರಿಗೆ ಮರಳಿ ಬರಲು ತಮ್ಮದೆನ್ನುವ ದೇಶವೇ ಇಲ್ಲದಂತಾಯಿತು. ನಾನು ಬಿ.ಎ. ಓದುವಾಗ ಇತಿಹಾಸದ ಪಠ್ಯದಲ್ಲಿ ಕೊರಿಯಾಕ್ಕೆ ಸಿಕ್ಕಿದ್ದು ಕೆಲವೇ ಸಾಲುಗಳು. ಆ ಸಾಲುಗಳ ಹಿಂದೆ ಇಷ್ಟು ಮನೆಗಳು, ಇಷ್ಟು ತಾಯಂದಿರು ಇದ್ದರೆಂದು ಈ ಅಜ್ಜಿಯ ಮೂಲಕವೇ ನನಗೆ ತಿಳಿದದ್ದು.

ತೋಟದ ಕೂಲಿಯಿಂದ ಹೊಟ್ಟೆ ತುಂಬದೆ ಕುಟುಂಬ 1906ರ ಡಿಸೆಂಬರ್‌ನಲ್ಲಿ ಸಾನ್ ಫ್ರಾನ್ಸಿಸ್ಕೋಗೆ ಬಂದಿಳಿಯಿತು. ಹಡಗಿನ ಮೆಟ್ಟಿಲಿಳಿಯುತ್ತಿದ್ದಂತೆ ಅಲ್ಲಿ ನಿಂತಿದ್ದ ಬಿಳಿಯ ಯುವಕರು ನಕ್ಕರು, ಮುಖಕ್ಕೆ ಉಗುಳಿದರು. ಒಬ್ಬನಂತೂ ತಾಯಿಯ ಲಂಗವನ್ನು ಕಾಲಿನಿಂದ ಎತ್ತಿ ಒದ್ದು ಅವಮಾನಿಸಿದ. ನಮ್ಮನ್ನು ಬೇಡವೆನ್ನುವ ಊರಿಗೆ ಯಾಕೆ ಬಂದೆವು ಎಂದು ಬಾಲಕಿ ತಂದೆಯನ್ನು ಕೇಳಿದಳು. ತಂದೆಯ ಉತ್ತರ ವಿಚಿತ್ರವಾಗಿತ್ತು. ಕೊರಿಯಾಕ್ಕೆ ಮೊದಲು ಬಂದ ಬಿಳಿಯ ಪಾದ್ರಿಗಳಿಗೆ ನಮ್ಮ ಜನರೂ ಕಲ್ಲೆಸೆದಿದ್ದರು, ಬಿಳಿ ಪಿಶಾಚಿಗಳೆಂದು ಕರೆದಿದ್ದರು. ಅವರು ಊರು ಬಿಟ್ಟು ಓಡಲಿಲ್ಲ, ತಮ್ಮ ಕೆಲಸ ಮಾಡುತ್ತಾ ಉಳಿದರು. ನಾವೂ ಹಾಗೆಯೇ ಕಲಿತು, ದುಡಿದು, ನಾವು ಯಾರಿಗೂ ಕಡಿಮೆಯಲ್ಲವೆಂದು ತೋರಿಸಿಕೊಡಬೇಕು ಎಂದು ಆತ ಹೇಳಿದರು. ತನ್ನ ಮೇಲೆ ಉಗುಳಿದವರ ಎದುರಿನಲ್ಲಿ ತನ್ನವರ ತಪ್ಪನ್ನು ನೆನಪಿಸಿಕೊಳ್ಳುವ ಮನುಷ್ಯ! ಇಂತಹ ನ್ಯಾಯನಿಷ್ಠೆ ನಮ್ಮಲ್ಲಿ ಎಷ್ಟು ಮಂದಿಯಲ್ಲಿದೆ?

ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಎಂಬಲ್ಲಿ ಕಿತ್ತಳೆ ತೋಟಗಳಲ್ಲಿ ದುಡಿಯುವ ಕೊರಿಯನ್ ಕೂಲಿಗಳ ಒಂದು ಬಿಡಾರವಿತ್ತು. ಹಲಗೆಯ ಗುಡಿಸಲುಗಳು, ವಿದ್ಯುತ್ತಿಲ್ಲ, ಮನೆಯೊಳಗೆ ನಲ್ಲಿಯಿಲ್ಲ. ಅಲ್ಲಿ ತಾಯಿ ಮೂವತ್ತರಷ್ಟು ಒಂಟಿ ಗಂಡಸರಿಗೆ ಅಡುಗೆ ಮಾಡಿ ಹಾಕುವ ಕೆಲಸ ಹಿಡಿದರು. ನಸುಕಿನಲ್ಲಿ ಎದ್ದು ತಿಂಡಿ, ಆಮೇಲೆ ಮಧ್ಯಾಹ್ನದ ಬುತ್ತಿ, ರಾತ್ರಿಗೆ ಮತ್ತೆ ಊಟ. ಬಾಲಕಿ ಶಾಲೆಗೆ ಹೋದ ಮೊದಲ ದಿನ ಹುಡುಗಿಯರು ಸುತ್ತುಗಟ್ಟಿ ನಿಂತು, ಚೀನೀಯರನ್ನು ಹೀಯಾಳಿಸುವ ಹಾಡು ಹೇಳುತ್ತಾ ಆಕೆಯ ಕತ್ತಿಗೆ ಹೊಡೆದರು. ಚೀನಾ, ಜಪಾನ್, ಕೊರಿಯಾ ಎಂಬ ವ್ಯತ್ಯಾಸ ಅವರಿಗೆ ಬೇಕಿರಲಿಲ್ಲ.

ಆಮೇಲೆ ಕ್ಲೇರ್‌ಮಾಂಟ್ ಎಂಬ ಊರಿಗೆ ಹೋದಾಗ ಬದುಕಿನಲ್ಲಿ ಮೊದಲ ಬಾರಿ ವಿದ್ಯುತ್ ದೀಪವಿರುವ, ಬಿಸಿನೀರು ಬರುವ ನಲ್ಲಿಯಿರುವ ಮನೆ ಸಿಕ್ಕಿತು. ಮಕ್ಕಳ ಬೆರಗಿಗೆ ಮಿತಿಯಿಲ್ಲ. ಎಂಬತ್ತು ದಾಟಿದ ಮೇಲೂ ಆ ನಲ್ಲಿ, ಆ ದೀಪ, ಆ ಸ್ನಾನದ ತೊಟ್ಟಿ ಮೇರಿಗೆ ನೆನಪಿತ್ತು. ಅಂದು ಸುಖವೆಂದರೆ ಅಷ್ಟೇ ಆಗಿತ್ತು. ಅದನ್ನು ಸಣ್ಣದೆಂದು ನಾನು ಹೇಳಲಾರೆ. ನಮ್ಮ ಮನೆಗೆ ಕರೆಂಟು ಬಂದ ಸಂಜೆ ಉಮ್ಮ ಸ್ವಿಚ್ಚನ್ನು ಮೂರು ಸಲ ಹಾಕಿ ಆರಿಸಿದ್ದು ನನಗೂ ನೆನಪಿದೆ.

ಆದರೆ ಆ ಸುಖ ಬಹಳ ದಿನ ಉಳಿಯಲಿಲ್ಲ. ಕೂಲಿ ಅರಸುತ್ತಾ ಕುಟುಂಬ ಊರಿಂದೂರಿಗೆ ಅಲೆಯಿತು. ಒಂದೂರಿನಲ್ಲಿ ತಂದೆಗೆ ಕೆಲಸವೇ ಸಿಗಲಿಲ್ಲ. ಮನೆಯಲ್ಲಿ ತಿನ್ನಲು ಏನೂ ಇಲ್ಲ. ಒಂದು ರಾತ್ರಿ ಹಸಿವಿನಿಂದ ನಿದ್ದೆ ಬಾರದೆ, ನೀರಾದರೂ ಕುಡಿಯೋಣವೆಂದು ಹುಡುಗಿ ಎದ್ದು ಬಂದಳು. ಅಡುಗೆ ಕೋಣೆಯ ಮೇಜಿನ ಬಳಿ ತಂದೆ ತಾಯಿ ಕೈ ಕೈ ಹಿಡಿದು ಕುಳಿತಿದ್ದರು. ಇಬ್ಬರ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಮಾತಿಲ್ಲ. ಅವರ ಸಂಕಟದ ಮುಂದೆ ತನ್ನ ಹಸಿವು ಏನೂ ಅಲ್ಲವೆಂದು ಅವಳಿಗೆ ಆ ಕ್ಷಣ ಅನ್ನಿಸಿತು.

ಈ ಪುಟವನ್ನು ನಾನು ಎಷ್ಟು ಬಾರಿ ಓದಿದೆನೋ ಲೆಕ್ಕವಿಲ್ಲ. ನನ್ನ ದೃಷ್ಟಿಯಲ್ಲಿ ಮೇರಿಯ ಸುಖದ ಕಲ್ಪನೆ ಬದಲಾದದ್ದು ಇಲ್ಲಿಂದ. ಅಲ್ಲಿಯವರೆಗೆ ‘ನನಗೇನು ಸಿಕ್ಕಿತು’ ಎಂಬ ಲೆಕ್ಕ. ಅಂದಿನಿಂದ ‘ನನ್ನವರಿಗೇನಾಗಿದೆ’ ಎಂಬ ಲೆಕ್ಕ. ಹೊಟ್ಟೆ ತುಂಬಲಿಲ್ಲ, ಅನ್ನ ಸಿಗಲಿಲ್ಲ. ಆದರೂ ಮಗುವಿನ ಹಸಿವು ಚಿಕ್ಕದಾಯಿತು. ಇನ್ನೊಬ್ಬರ ನೋವಿನ ಮುಂದೆ ನಮ್ಮ ನೋವು ಕುಗ್ಗುವುದು ಹೇಗೆಂದು ಪುಸ್ತಕಗಳಲ್ಲಿ ಓದಿ ತಿಳಿಯುವುದು ಬೇರೆ. ಅಡುಗೆ ಕೋಣೆಯ ಬಾಗಿಲಲ್ಲಿ ಬರಿಗಾಲಲ್ಲಿ ನಿಂತು ಅರಿಯುವುದು ಬೇರೆ.

ಕೊರಿಯನ್ನರ ಭಾಷೆಯಲ್ಲಿ ಸುಖಕ್ಕೆ ‘ಹೆಂಗ್‌ಬೊಕ್’ ಎನ್ನುತ್ತಾರೆ. ಅದರಲ್ಲಿರುವ ‘ಬೊಕ್’ ಎಂದರೆ ಭಾಗ್ಯ, ಅನುಗ್ರಹ. ಹೊಸ ವರ್ಷದ ದಿನ ಪರಸ್ಪರ ಹಾರೈಸುವಾಗ ತುಂಬ ಬೊಕ್ ಪಡೆಯಿರಿ ಎನ್ನುತ್ತಾರೆ. ಹಿಂದಿನ ಕಾಲದಲ್ಲಿ ದಿಂಬಿನ ಅಂಚಿಗೆ, ಚಮಚದ ಮೇಲೆ, ಅನ್ನದ ಬಟ್ಟಲಿಗೆ ಈ ಅಕ್ಷರವನ್ನು ಬರೆಯುತ್ತಿದ್ದರು. ಉಣ್ಣುವ ಬಟ್ಟಲಲ್ಲಿ, ಮಲಗುವ ದಿಂಬಿನಲ್ಲಿ ಅನುಗ್ರಹವಿರಲಿ ಎಂಬ ಆಸೆ. ನಮ್ಮ ಹಿರಿಯರು ‘ಬರಕತ್’ ಎನ್ನುವುದು ಇದಕ್ಕೆ ಬಹಳ ಹತ್ತಿರದ್ದೆಂದು ನನಗೆ ಅನ್ನಿಸುತ್ತದೆ. ಬರಕತ್ ಇದ್ದರೆ ಒಂದು ಸೇರು ಅಕ್ಕಿ ಹತ್ತು ಮಂದಿಗೆ ಸಾಕಾಗುತ್ತದೆ. ಬರಕತ್ ಇಲ್ಲದಿದ್ದರೆ ತುಂಬಿದ ಕಪಾಟೂ ಬರಿದಾಗಿ ಕಾಣುತ್ತದೆ.

ಹುಡುಗಿ ಬೆಳೆದಳು. ಓದಬೇಕೆಂಬ ಹಂಬಲದಿಂದ ಬೇರೆ ಊರಿಗೆ ಹೋಗಿ, ಒಂದು ಮನೆಯಲ್ಲಿ ಕೆಲಸದಾಳಾಗಿ ನಿಂತು ಹೈಸ್ಕೂಲು ಸೇರಿದಳು. ಅಲ್ಲಿ ಇತಿಹಾಸದ ಅಧ್ಯಾಪಕರೊಬ್ಬರು ತರಗತಿಯಲ್ಲಿ ಏಷ್ಯಾದವರನ್ನು ಅವಹೇಳನ ಮಾಡುತ್ತಿದ್ದರು. ಕೊರಿಯಾದ ಪಾಠ ಬಂದಾಗ ಅದೊಂದು ಕಾಡು ದೇಶ, ಜಪಾನ್ ಬಂದು ನಾಗರಿಕತೆ ಕಲಿಸಿತು ಎಂಬರ್ಥದಲ್ಲಿ ಹೇಳಿದರು. ಪಾಠ ಮುಗಿದ ಮೇಲೆ ಹುಡುಗಿ ನೇರವಾಗಿ ಅವರ ಬಳಿಗೆ ಹೋದಳು. ನಿಮಗೆ ಏಷ್ಯಾದ ಇತಿಹಾಸ ಗೊತ್ತಿಲ್ಲ; ಇನ್ನೊಮ್ಮೆ ಹೀಗೆ ಹೇಳಿದರೆ ಎಲ್ಲರ ಮುಂದೆ ಎದ್ದು ನಿಂತು ಸತ್ಯವನ್ನು ಹೇಳುತ್ತೇನೆ ಎಂದಳು. ಆಗ ಅವಳ ಬಳಿ ಹಣವಿಲ್ಲ, ಬೆಂಬಲಕ್ಕೆ ಯಾರೂ ಇಲ್ಲ, ಉಳಿದುಕೊಂಡದ್ದು ಪರರ ಮನೆಯಲ್ಲಿ. ಹೈಸ್ಕೂಲು ಪೂರೈಸಲು ಅವಳಿಗೆ ಸಾಧ್ಯವಾಗಲಿಲ್ಲ. ಆದರೆ ಅಂದು ಆಡಿದ ಮಾತಿನ ಧೈರ್ಯವನ್ನು ಜೀವನಪೂರ್ತಿ ಇಟ್ಟುಕೊಂಡಳು.

1919ರಲ್ಲಿ ಕೊರಿಯನ್ ವಲಸಿಗರೇ ಆದ ಲೀ ಎಂಬವರೊಂದಿಗೆ ಮದುವೆಯಾಯಿತು. ಭತ್ತ ಬೆಳೆದರು, ತರಕಾರಿ ಬೆಳೆದರು, ಅಂಗಡಿಯಿಟ್ಟು ಮಾರಿದರು. ಗಂಡಹೆಂಡಿರು ಹಗಲಿರುಳು ದುಡಿದರೂ ಅವರಿಗೆ ಸ್ವಂತ ನೆಲ ಕೊಳ್ಳುವಂತಿರಲಿಲ್ಲ. ಕ್ಯಾಲಿಫೋರ್ನಿಯಾ 1913ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಅಮೆರಿಕದ ಪೌರತ್ವ ಪಡೆಯಲು ಅರ್ಹರಲ್ಲದವರು ಅಲ್ಲಿ ಕೃಷಿಭೂಮಿ ಹೊಂದುವಂತಿರಲಿಲ್ಲ. ಏಷ್ಯಾದಿಂದ ಬಂದವರಿಗೆ ಪೌರತ್ವ ಕೊಡುತ್ತಿರಲಿಲ್ಲ. ಅಂದರೆ ಒಂದು ಬಾಗಿಲು ಮುಚ್ಚಿ, ಅದೇ ಕಾರಣಕ್ಕೆ ಇನ್ನೊಂದು ಬಾಗಿಲನ್ನೂ ಮುಚ್ಚಿದರು. ನಮ್ಮ ಭಾರತೀಯರಿಗೂ 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದೇ ಬಾಗಿಲನ್ನು ಮುಚ್ಚಿತ್ತು; ಅದು ತೆರೆದದ್ದು 1946ರಲ್ಲಿ. ಕೊರಿಯನ್ನರಿಗೆ ತೆರೆದದ್ದು 1952ರ ಕಾನೂನಿನಿಂದ. ಐದು ತುಂಬದ ಮಗುವಾಗಿ ಬಂದವರು ಐವತ್ತರ ಪ್ರಾಯ ದಾಟುವವರೆಗೂ ಆ ನೆಲದಲ್ಲಿ ಪರದೇಶಿಯೇ ಆಗಿದ್ದರು. ಅಷ್ಟರಲ್ಲಿ ಹುಟ್ಟಿದ ನಾಡೂ ಎರಡು ತುಂಡಾಗಿತ್ತು. ಹುಟ್ಟೂರು ಪ್ಯೋಂಗ್‌ಯಾಂಗ್ ಉತ್ತರ ಕೊರಿಯಾದ ರಾಜಧಾನಿಯಾಯಿತು. ಅಲ್ಲಿ 1950ರಿಂದ 1953ರವರೆಗೆ ನಡೆದ ಯುದ್ಧದಲ್ಲಿ ಎದುರು ಪಕ್ಷದಲ್ಲಿದ್ದದ್ದು ಅಮೆರಿಕವೇ.

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರಿನ ಮೇಲೆ ಬಾಂಬು ಹಾಕಿತು. ದಿನವಿಡೀ ಹೊಲದಲ್ಲಿದ್ದ ಮೇರಿಗೆ ಸುದ್ದಿ ಗೊತ್ತಿರಲಿಲ್ಲ. ಸಂಜೆ ಸಾಮಾನಿಗೆಂದು ಅಂಗಡಿಗೆ ಹೋದಾಗ, ಇಗೋ ಜಪಾನಿಯವಳು ಬಂದಳು ಎಂದು ಯಾರೋ ಕಿರುಚಿದರು. ಆಗ ಅಂಗಡಿಯಲ್ಲಿ ಕೆಲಸಕ್ಕಿದ್ದ ಪರಿಚಯದ ಬಿಳಿಯ ಹೆಂಗಸು ಮುಂದೆ ಬಂದು ಎಲ್ಲರನ್ನೂ ಗದರಿಸಿದಳು. ಈಕೆ ಜಪಾನಿಯಲ್ಲವೆಂದು ನಿಮಗೆಲ್ಲ ಗೊತ್ತು. ಒಂದು ವೇಳೆ ಆಗಿದ್ದರೂ ಅಲ್ಲಿ ನಡೆದದ್ದಕ್ಕೆ ಈಕೆ ಹೇಗೆ ಹೊಣೆ ಎಂದು ಕೇಳಿದಳು. ಆ ಪ್ರಶ್ನೆಯ ಎರಡನೆಯ ಅರ್ಧ ಬಹಳ ಮುಖ್ಯ. ‘ಇವಳು ಅವರವಳಲ್ಲ’ ಎಂದು ಹೇಳಿ ಒಬ್ಬಳನ್ನು ಉಳಿಸುವುದು ಸುಲಭ. ‘ಅವರವಳಾಗಿದ್ದರೂ ಇವಳ ತಪ್ಪಲ್ಲ’ ಎನ್ನುವುದಕ್ಕೆ ಧರ್ಮಪ್ರಜ್ಞೆ ಬೇಕು. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲವೆಂಬ ಕುರ್‌ಆನಿನ ಬೋಧನೆಯನ್ನು ನಾವು ಬಾಲ್ಯದಿಂದ ಕೇಳುತ್ತಾ ಬಂದಿದ್ದೇವೆ. ಅದರ ಬೆಲೆ ಗೊತ್ತಾಗುವುದು ಯಾರದೋ ಕೃತ್ಯಕ್ಕೆ ನಮ್ಮ ಹೆಸರನ್ನು, ನಮ್ಮ ಉಡುಪನ್ನು ನೋಡಿ ಜನರು ಮುಖ ತಿರುಗಿಸಿದಾಗ. ಅಂದು ಆ ಅಂಗಡಿಯ ಹೆಂಗಸಿನಂಥವರು ಇರಲಿಲ್ಲವೆಂದೋ ಏನೋ, ಮರುವರ್ಷದಿಂದ ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ ಜಪಾನಿ ಮೂಲದವರನ್ನು ಅಮೆರಿಕ ಶಿಬಿರಗಳಲ್ಲಿ ಕೂಡಿಹಾಕಿತು.

ಈಗ ಆ ಎರಡು ಪದಗಳ ವಿಷಯಕ್ಕೆ ಬರುತ್ತೇನೆ. ಒಂದು ‘ಸಬ್ರ್’, ಇನ್ನೊಂದು ‘ಖನಾಅತ್’. ಸಹನೆ ಮತ್ತು ಇದ್ದುದರಲ್ಲಿ ತೃಪ್ತಿ. ಸೊತ್ತು ಹೆಚ್ಚಿದ್ದರೆ ಶ್ರೀಮಂತಿಕೆಯಲ್ಲ, ಮನಸ್ಸು ತುಂಬಿದ್ದರೆ ಶ್ರೀಮಂತಿಕೆ ಎಂಬರ್ಥದ ಪ್ರವಾದಿ(ಸ) ವಚನವನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಆದರೆ ಈ ಎರಡು ಪದಗಳನ್ನು ನಮ್ಮ ಮನೆಗಳಲ್ಲಿ ಹೆಚ್ಚಾಗಿ ಯಾರಿಗೆ ಹೇಳುತ್ತೇವೆ? ಗಂಡನಿಂದ ಪೆಟ್ಟು ತಿಂದು ತವರಿಗೆ ಬಂದ ಮಗಳಿಗೆ. ವಾರಸು ಪಾಲನ್ನು ಕೇಳಲು ಬಂದ ತಂಗಿಗೆ. ಓದಬೇಕೆಂದು ಅಳುವ ಹುಡುಗಿಗೆ. ಸಬ್ರ್ ಮಾಡು, ಇದ್ದುದರಲ್ಲಿ ತೃಪ್ತಿಪಡು ಎನ್ನುತ್ತೇವೆ. ಹಾಗೆ ಹೇಳುವಾಗ ಆ ಪವಿತ್ರ ಪದಗಳನ್ನು ಬಾಯಿಗೆ ಹಾಕುವ ಬೀಗದಂತೆ ಬಳಸುತ್ತೇವೆ. ವಾರಸು ಪಾಲನ್ನು ಹೆಣ್ಣಿಗೆ ಕೊಟ್ಟವನು ಅಲ್ಲಾಹನು. ಅದನ್ನು ತಡೆದು ‘ಸಬ್ರ್ ಮಾಡು’ ಎನ್ನುವ ಹಕ್ಕನ್ನು ಅಣ್ಣನಿಗೆ ಯಾರು ಕೊಟ್ಟರು?

ಮೇರಿ ಸೌಕರ್ಯಗಳ ವಿಷಯದಲ್ಲಿ ಅಲ್ಪತೃಪ್ತೆ. ನ್ಯಾಯದ ವಿಷಯದಲ್ಲಿ ಹಾಗಲ್ಲ. ಹರಕು ಮನೆ, ಹಳೆಯ ಬಟ್ಟೆ, ಸೋತ ಬೆಳೆ, ಎಲ್ಲವನ್ನೂ ಸಹಿಸಿದರು. ತನ್ನ ನಾಡಿನ ಬಗ್ಗೆ ಆಡಿದ ಸುಳ್ಳನ್ನು ಸಹಿಸಲಿಲ್ಲ. ಖನಾಅತ್ ಎಂದರೆ ಇದೇ ಅಲ್ಲವೇ? ತನಗೆ ಬೇಕಾದ ವಸ್ತುಗಳ ಪಟ್ಟಿಯನ್ನು ಗಿಡ್ಡ ಮಾಡಿಕೊಂಡವರಿಗೆ ಸತ್ಯ ಹೇಳುವ ಧೈರ್ಯ ಬರುತ್ತದೆ, ಏಕೆಂದರೆ ಅವರಿಗೆ ಕಳೆದುಕೊಳ್ಳುವ ಭಯ ಕಡಿಮೆ. ಅವರ ಸುಖ ಬಿಸಿನೀರಿನ ನಲ್ಲಿಯಿಂದ ಹೊರಟು, ತಂದೆತಾಯಿಯ ಕಣ್ಣೀರಿನ ಮೂಲಕ ಹಾದು, ತಲೆಯೆತ್ತಿ ಬಾಳುವ ನೆಮ್ಮದಿಯವರೆಗೆ ಬಂದು ತಲುಪಿತು. ಇದು ಆಕೆ ಬರೆದ ಸಿದ್ಧಾಂತವಲ್ಲ. ಆ ಬದುಕನ್ನು ಓದಿ ನಾನು ಕಂಡುಕೊಂಡದ್ದು.

ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಇತ್ತೀಚೆಗೆ ಮಗಳ ಫೀಸು ಕಟ್ಟಲು ಬಂದಿದ್ದರು. ಅವರ ಪತಿ ಸೌದಿಯಲ್ಲಿ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಊರಲ್ಲಿ ಮಾಳಿಗೆ ಮನೆಯಾಗಿದೆ, ಮಗಳಿಗೆ ಚಿನ್ನವಾಗಿದೆ. ಮಾತಿನ ನಡುವೆ ಆಕೆ ಹೇಳಿದರು: “ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು ಟೀಚರ್. ನಿನ್ನೆ ರಾತ್ರಿ ಕೂತು ಲೆಕ್ಕ ಹಾಕಿದೆ. ನಾವಿಬ್ಬರು ಒಟ್ಟಿಗಿದ್ದದ್ದು ಎರಡು ವರ್ಷವೂ ಪೂರ್ತಿಯಾಗಿಲ್ಲ.” ದೂರಿನ ಧ್ವನಿ ಅದಲ್ಲ. ಲೆಕ್ಕವನ್ನಷ್ಟೇ ಹೇಳಿದರು. ನಾನೇನೂ ಉಪದೇಶ ಮಾಡಲಿಲ್ಲ. ದುಡಿಯಲು ಕಡಲು ದಾಟಿದ ಗಂಡಸಿನ ತ್ಯಾಗ ಸಣ್ಣದಲ್ಲ. ಅವರ ಬೆವರಿನಿಂದಲೇ ನಮ್ಮ ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿದಿದೆ, ಶಾಲೆಗಳು ಎದ್ದಿವೆ. ಆದರೆ ಹೊಟ್ಟೆಪಾಡು ನೀಗಿದ ಮೇಲೂ, ಮನೆಯಾದ ಮೇಲೆ ಸುಖ, ಮಾಳಿಗೆಯಾದ ಮೇಲೆ ಸುಖ, ಮಗಳ ಮದುವೆಯಾದ ಮೇಲೆ ಸುಖ ಎಂದು ಮುಂದೂಡುತ್ತಾ ಹೋದರೆ ಅದಕ್ಕೆ ಕೊನೆ ಎಲ್ಲಿ? ಹೆಚ್ಚು ಹೆಚ್ಚು ಗಳಿಸುವ ಹಂಬಲ ಗೋರಿಯ ವರೆಗೂ ಮನುಷ್ಯನನ್ನು ಮೈಮರೆಸುತ್ತದೆ ಎಂದು ಕುರ್‌ಆನ್ ಎಚ್ಚರಿಸಿರುವುದು ಸುಮ್ಮನೆ ಅಲ್ಲ. ಮೇರಿಯ ತಂದೆತಾಯಿಯ ಕೈಯಲ್ಲಿ ಅಂದು ಕಾಸಿರಲಿಲ್ಲ. ಆದರೆ ಹಿಡಿದುಕೊಳ್ಳಲು ಇನ್ನೊಂದು ಕೈ ಇತ್ತು.

ನನ್ನ ಉಮ್ಮ ಬೀಡಿ ಕಟ್ಟಿ ನಮ್ಮನ್ನು ಓದಿಸಿದವರು. ಎಲೆ ಕತ್ತರಿಸುವ ಕತ್ತರಿಯ ಸದ್ದಿನಲ್ಲೇ ನಾನು ಪಾಠ ಬಾಯಿಪಾಠ ಮಾಡಿದ್ದು. ಬ್ರಾಂಚಿನಲ್ಲಿ ಬೀಡಿ ಸರಿಯಿಲ್ಲವೆಂದು ಹಿಡಿಹಿಡಿಯಾಗಿ ಎಸೆದಾಗ ಅವರು ಒಂದೇ ಒಂದು ಸಲ ಎದುರು ಮಾತಾಡಿದ್ದರಂತೆ. ಏನು ಹೇಳಿದಿರಿ ಎಂದು ಕೇಳಿದರೆ ಉಮ್ಮ ನಗುತ್ತಾರೆ, ಹೇಳುವುದಿಲ್ಲ. ಮೇರಿಯ ಪುಸ್ತಕ ಓದಿದ ಮೇಲೆ ನಾನು ಒಂದು ನೋಟ್ ಪುಸ್ತಕ ತೆಗೆದಿಟ್ಟು, ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಉಮ್ಮನ ಪಕ್ಕದಲ್ಲಿ ಕುಳಿತು ಅವರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೇನೆ. “ಇದನ್ನೆಲ್ಲ ಯಾರು ಓದುತ್ತಾರೆ?” ಎನ್ನುತ್ತಾರೆ. ಆದರೂ ಹೇಳುತ್ತಾರೆ. ಹೇಳುವಾಗ ಮುಖದಲ್ಲಿ ಒಂದು ಕಳೆ ಬರುತ್ತದೆ. ಕಷ್ಟದ ಕಥೆ ಹೇಳುವಾಗ ಬರುವ ಆ ಕಳೆಗೆ ಏನು ಹೆಸರು? ಸುಖವೆಂದೇ ಕರೆಯಬೇಕೆಂದು ನನಗೆ ತೋರುತ್ತದೆ.

ಎಂಬತ್ತು ದಾಟಿದ ಒಬ್ಬ ಹೆಂಗಸು ಬರೆದಿಡದೆ ಹೋಗಿದ್ದರೆ ಆ ಅಡುಗೆ ಕೋಣೆಯ ಕಣ್ಣೀರು ನಮಗೆ ತಲುಪುತ್ತಲೇ ಇರಲಿಲ್ಲ. ನಮ್ಮ ನಡುವೆಯೂ ಅಂಥ ತಾಯಂದಿರು ಮನೆಗೊಬ್ಬರಿದ್ದಾರೆ. ಸಹೋದರ ಸಹೋದರಿಯರೇ, ಅವರ ಬಾಯಿಗೆ ಸಬ್ರಿನ ಬೀಗ ಹಾಕದಿರೋಣ. ಅವರ ಬಳಿ ಕುಳಿತು ಕೇಳೋಣ: ನಿಮಗೆ ಸುಖವೆಂದರೆ ಏನಾಗಿತ್ತು, ಈಗ ಏನು? ಅವರ ಉತ್ತರ ನಮ್ಮ ಮಕ್ಕಳಿಗೆ ಬೇಕಾಗುತ್ತದೆ. ಅಲ್ಲಾಹನು ಅವರ ಆಯುಷ್ಯದಲ್ಲಿ ಬರಕತ್ ನೀಡಲಿ, ನಮಗೆ ಕೇಳುವ ಕಿವಿಯನ್ನು ಕೊಡಲಿ.